ಜಯಾನ್ ಸುಜುಕಿ: ಜಪಾನಿನ ಗೋಲ್‌ಕೀಪರ್ ಬಗ್ಗೆ ಇಷ್ಟೊಂದು ಮಾತು ಯಾಕೆ?

2025ರ ಅಕ್ಟೋಬರ್ 14ರಂದು ಟೋಕಿಯೊದಲ್ಲಿ ನಡೆದ ಸ್ನೇಹಪಂದ್ಯದಲ್ಲಿ ಜಪಾನ್ ಮೊದಲರ್ಧಕ್ಕೇ ಬ್ರೆಜಿಲ್‌ಗೆ ಎರಡು ಗೋಲು ಬಿಟ್ಟುಕೊಟ್ಟಿತ್ತು. ವಿರಾಮದ ನಂತರ ಮೂರು ಗೋಲು ಹೊಡೆದು 3-2ರಿಂದ ಗೆದ್ದಿತು. ಬ್ರೆಜಿಲ್ ವಿರುದ್ಧ ಜಪಾನಿನ ಹಿರಿಯರ ಪುರುಷರ ತಂಡಕ್ಕೆ ಅದೇ ಮೊಟ್ಟಮೊದಲ ಗೆಲುವು. ಅದೇ ವರ್ಷ ಮಾರ್ಚ್ 20ರಂದು ಬಹ್ರೇನ್ ತಂಡವನ್ನು 2-0ಯಿಂದ ಮಣಿಸಿ, ಆತಿಥೇಯ ದೇಶಗಳನ್ನು ಬಿಟ್ಟರೆ 2026ರ ವಿಶ್ವಕಪ್‌ಗೆ ಅರ್ಹತೆ ಪಡೆದ ಮೊದಲ ತಂಡವೆಂಬ ಹೆಸರನ್ನೂ ಜಪಾನ್ ಗಳಿಸಿತ್ತು. ಈ ಎರಡೂ ಪಂದ್ಯಗಳಲ್ಲಿ ಗೋಲಿನ ಮುಂದೆ ನಿಂತಿದ್ದವರು ಜಯಾನ್ ಸುಜುಕಿ.

ಫುಟ್‌ಬಾಲನ್ನು ವಿಶ್ವಕಪ್ ಬಂದಾಗ ಮಾತ್ರ ನೋಡುವವರಿಗೆ ಈ ಹೆಸರು ಹೊಸದು. ಗೋಲು ಹೊಡೆಯುವವರ ಖ್ಯಾತಿಯನ್ನು ಅರ್ಥಮಾಡಿಕೊಳ್ಳುವುದು ಸುಲಭ: ಎಷ್ಟು ಹೊಡೆದ ಎಂದು ಎಣಿಸಿದರಾಯಿತು. ಗೋಲ್‌ಕೀಪರ್‌ನ ಲೆಕ್ಕ ಹಾಗಲ್ಲ. ಅವರ ಒಳ್ಳೆಯ ಕೆಲಸದಲ್ಲಿ ಮುಕ್ಕಾಲು ಪಾಲು ಕಣ್ಣಿಗೆ ಬೀಳುವುದೇ ಇಲ್ಲ, ತಪ್ಪು ಮಾತ್ರ ಫಲಕದ ಮೇಲೆ ಅಂಕಿಯಾಗಿ ಉಳಿಯುತ್ತದೆ. ಸುಜುಕಿ ಹೊಗಳಿಕೆ, ಬೈಗುಳ ಎರಡನ್ನೂ ಇಷ್ಟು ಬೇಗ, ಇಷ್ಟು ಜೋರಾಗಿ ಕಂಡಿದ್ದಕ್ಕೆ ಈ ಕೆಲಸದ ಸ್ವಭಾವವೇ ಬಹುಪಾಲು ಕಾರಣ.

ಹುಟ್ಟಿದ್ದು ನ್ಯೂವಾರ್ಕ್, ಬೆಳೆದಿದ್ದು ಉರಾವಾ

ಸುಜುಕಿ ಹುಟ್ಟಿದ್ದು 2002ರ ಆಗಸ್ಟ್ 21ರಂದು, ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂವಾರ್ಕ್‌ನಲ್ಲಿ. ತಂದೆ ಘಾನಾ ಮೂಲದವರು, ತಾಯಿ ಜಪಾನಿನವರು. ಚಿಕ್ಕಂದಿನಲ್ಲೇ ಕುಟುಂಬ ಜಪಾನಿಗೆ ಬಂದಿತು. ಟೋಕಿಯೊಗೆ ಉತ್ತರಕ್ಕಿರುವ ಸೈತಾಮಾ ನಗರದ ಉರಾವಾದಲ್ಲಿ ಅವರು ಬೆಳೆದರು. ಉರಾವಾ ಅಂದರೆ ಜಪಾನಿನಲ್ಲಿ ಫುಟ್‌ಬಾಲ್ ಊರು. ಅಲ್ಲಿನ ಕ್ಲಬ್ ಉರಾವಾ ರೆಡ್ಸ್‌ಗೆ ದೇಶದಲ್ಲೇ ಅತಿ ದೊಡ್ಡ, ಅತಿ ಗಲಾಟೆಯ ಅಭಿಮಾನಿ ಬಳಗವಿದೆ.

ಅದೇ ಕ್ಲಬ್ಬಿನ ಬಾಲಕರ ವಿಭಾಗದಲ್ಲಿ ಕಲಿತ ಸುಜುಕಿ 16ನೇ ವಯಸ್ಸಿಗೇ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದರು. ಅದಕ್ಕೂ ಮೊದಲೇ, ತಮಗಿಂತ ಎರಡು ವರ್ಷ ದೊಡ್ಡವರ ಜೊತೆ ಜಪಾನಿನ ಕಿರಿಯರ ತಂಡ ಸೇರಿದ್ದರು. 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ಗೆ ಬಂದ ಜಪಾನ್ ತಂಡದಲ್ಲಿ 15ರ ಈ ಹುಡುಗನೂ ಇದ್ದ. ಆ ತಂಡ ಗುವಾಹಾಟಿ ಮತ್ತು ಕೋಲ್ಕತ್ತದಲ್ಲಿ ಆಡಿ, ಕೊನೆಗೆ ಚಾಂಪಿಯನ್ ಆದ ಇಂಗ್ಲೆಂಡ್ ಎದುರು ಪೆನಾಲ್ಟಿಯಲ್ಲಿ ಸೋತು ಮನೆಗೆ ಹೋಯಿತು.

ತಂಡದಲ್ಲಿ ಒಂದೇ ಜಾಗ

ಹತ್ತು ಆಟಗಾರರಲ್ಲಿ ಒಬ್ಬರು ಸುಸ್ತಾದರೆ ಇನ್ನೊಬ್ಬರನ್ನು ಇಳಿಸುತ್ತಾರೆ, ಒಂದು ಜಾಗ ಸಿಗದಿದ್ದರೆ ಪಕ್ಕದ ಜಾಗದಲ್ಲಿ ಆಡಿಸುತ್ತಾರೆ. ಗೋಲ್‌ಕೀಪರ್‌ಗೆ ಈ ಅನುಕೂಲ ಇಲ್ಲ. ಮೊದಲ ಆಯ್ಕೆಯ ಕೀಪರ್ ಗಾಯಗೊಳ್ಳಬೇಕು, ಅಮಾನತಾಗಬೇಕು ಅಥವಾ ಆಟ ಕೆಡಬೇಕು. ಅಲ್ಲಿಯವರೆಗೆ ಎರಡನೆಯವರು ಬೆಂಚಿನ ಮೇಲೆಯೇ. ಕ್ರಿಕೆಟ್‌ನ ವಿಕೆಟ್ ಕೀಪರ್‌ಗಳ ಪಾಡು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಸೈಯದ್ ಕಿರ್ಮಾನಿ 1971ರಲ್ಲೇ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿದ್ದರು. ಫಾರೂಖ್ ಎಂಜಿನಿಯರ್ ಇದ್ದ ಕಾರಣ ಮೊದಲ ಟೆಸ್ಟ್ ಆಡಲು 1976ರವರೆಗೆ ಕಾಯಬೇಕಾಯಿತು.

ಸುಜುಕಿಗೆ ಉರಾವಾದಲ್ಲಿ ಎದುರಾದವರು ಶುಸಾಕು ನಿಶಿಕಾವಾ. ಜಪಾನ್ ಪರವೂ ಆಡಿದ್ದ, ಕಾಲಿನಿಂದ ಚೆಂಡು ಹಂಚುವುದರಲ್ಲಿ ನಿಪುಣರೆನಿಸಿದ ಹಿರಿಯ. 2021ರಲ್ಲಿ ಸುಜುಕಿಗೆ ಲೀಗ್‌ನಲ್ಲಿ ಮೊದಲ ಅವಕಾಶ ಸಿಕ್ಕಿತು, ಚೆನ್ನಾಗಿಯೂ ಆಡಿದರು. ಆದರೂ ಕೆಲವು ಪಂದ್ಯಗಳ ನಂತರ ಜಾಗ ಮತ್ತೆ ನಿಶಿಕಾವಾ ಪಾಲಾಯಿತು. ಅದೇ ವರ್ಷದ ಟೋಕಿಯೊ ಒಲಿಂಪಿಕ್ಸ್ ತಂಡದಲ್ಲೂ ಸುಜುಕಿ ಇದ್ದರು. ಅಲ್ಲಿ ಗೋಲು ಕಾಯ್ದವರು ಕೋಸೆ ತಾನಿ. 2022ರ ಜುಲೈನಲ್ಲಿ ಹಾಂಗ್‌ಕಾಂಗ್ ವಿರುದ್ಧ 6-0ಯಿಂದ ಗೆದ್ದ ಪಂದ್ಯದಲ್ಲಿ ಹಿರಿಯರ ತಂಡಕ್ಕೆ ಪದಾರ್ಪಣೆ ಮಾಡಿದರು.

2023ರ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅವರ ಬಗ್ಗೆ ಆಸಕ್ತಿ ತೋರಿಸಿತು. 20ರ ಹರೆಯದ ಯಾರಿಗಾದರೂ ತಲೆ ತಿರುಗುವ ಸುದ್ದಿ. ಸುಜುಕಿ ಮಾತ್ರ ಅಲ್ಲಿಗೆ ಹೋಗದೆ ಬೆಲ್ಜಿಯಂನ ಸಿಂಟ್ ಟ್ರಾಯ್ಡನ್ ಎಂಬ ಸಣ್ಣ ಕ್ಲಬ್ ಸೇರಿದರು. ಪಂದ್ಯ ಆಡಲು ಸಿಗುವುದೇ ತನಗೆ ಮುಖ್ಯವಾಗಿತ್ತು ಎಂದು ಆಮೇಲೆ ಸಂದರ್ಶನಗಳಲ್ಲಿ ಹೇಳಿದರು. ಆ ಬೇಸಿಗೆಯಲ್ಲಿ ಯುನೈಟೆಡ್ ಗೋಲ್‌ಕೀಪರ್ ಆಂಡ್ರೆ ಒನಾನಾ ಅವರನ್ನು ತಂದಿತ್ತು. ಸುಜುಕಿ ಹೋಗಿದ್ದರೆ ಬೆಂಚು ಕಾಯುತ್ತಿದ್ದರು ಎನ್ನುವುದರಲ್ಲಿ ಹೆಚ್ಚು ಅನುಮಾನ ಬೇಡ.

ಸಿಂಟ್ ಟ್ರಾಯ್ಡನ್ ಆಯ್ಕೆ ಆಕಸ್ಮಿಕವೇನಲ್ಲ. ಆ ಕ್ಲಬ್ಬಿನ ಒಡೆತನ ಜಪಾನಿನ ಡಿಎಂಎಂ ಕಂಪನಿಯದು. ವಾತಾರು ಎಂಡೊ, ತಾಕೆಹಿರೊ ತೊಮಿಯಾಸು, ದೈಚಿ ಕಮಾದಾ, ಇವರೆಲ್ಲ ಯುರೋಪಿನ ದೊಡ್ಡ ಲೀಗುಗಳಿಗೆ ಏರಿದ ಮೆಟ್ಟಿಲುಗಳಲ್ಲಿ ಅದೂ ಒಂದು. ಸುಜುಕಿಗಿಂತ ಮೊದಲು ಅಲ್ಲಿ ಗೋಲು ಕಾಯುತ್ತಿದ್ದ ಡೇನಿಯಲ್ ಶ್ಮಿಟ್ ಕೂಡ ಜಪಾನ್ ತಂಡದವರೇ.

ಎತ್ತರ, ಭಾಷೆ ಮತ್ತು ಹಿಂದಿನವರು

ಜಪಾನಿನ ಮಿಡ್‌ಫೀಲ್ಡರುಗಳು ಯುರೋಪಿನ ತುಂಬ ಇದ್ದಾರೆ. ಕೀಪರುಗಳು ಮಾತ್ರ ಬೆರಳೆಣಿಕೆಯಷ್ಟು. ಒಂದು ಕಾರಣ ಎತ್ತರ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಕುಳ್ಳಗಿನ ಕೀಪರ್ ನೆಲದ ಚೆಂಡಿಗೆ ಬೇಗ ಬೀಳಬಲ್ಲರು, ಆದರೆ ಅಡ್ಡಪಟ್ಟಿಯ ಕೆಳಗಿನ ಮೂಲೆಗಳು ಮತ್ತು ಗುಂಪಿನ ನಡುವೆ ತೇಲಿಬರುವ ಚೆಂಡು ಅವರಿಗೆ ಕಷ್ಟ. ಇನ್ನೊಂದು ಕಾರಣ ಭಾಷೆ. ಮೈದಾನ ಪೂರ್ತಿ ಎದುರಿಗೆ ಕಾಣುವುದು ಕೀಪರ್‌ಗೆ ಮಾತ್ರ. "ಬಿಡು, ನನ್ನದು", "ಹಿಂದೆ ಒಬ್ಬ ಇದ್ದಾನೆ", "ಎಡಕ್ಕೆ ಸರಿ" ಎಂದು ಡಿಫೆಂಡರುಗಳಿಗೆ ಅರೆಕ್ಷಣದಲ್ಲಿ ಕೂಗಬೇಕು. ಯೋಚಿಸಿ ಅನುವಾದ ಮಾಡಿ ಹೇಳುವಷ್ಟರಲ್ಲಿ ಗೋಲು ಆಗಿರುತ್ತದೆ.

ಇದನ್ನೆಲ್ಲ ಎದುರಿಸಿ ಹೋದವರಲ್ಲಿ ಮೊದಲಿಗರು ಯೋಶಿಕಾತ್ಸು ಕವಾಗುಚಿ. ಎತ್ತರ 1.80 ಮೀಟರ್ ಆಸುಪಾಸು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ರೊನಾಲ್ಡೊ, ಬೆಬೆಟೊ, ರಾಬರ್ಟೊ ಕಾರ್ಲೋಸ್ ಇದ್ದ ಬ್ರೆಜಿಲ್ ಮೇಲಿಂದ ಮೇಲೆ ಗೋಲಿಗೆ ಹೊಡೆದರೂ ಒಂದನ್ನೂ ಒಳಗೆ ಬಿಡದೆ ಜಪಾನಿಗೆ 1-0 ಗೆಲುವು ಕೊಡಿಸಿದವರು. 2004ರ ಏಷ್ಯಾ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಜೋರ್ಡಾನ್ ವಿರುದ್ಧ ಜಪಾನ್ ಮೊದಲ ಎರಡೂ ಪೆನಾಲ್ಟಿಗಳನ್ನು ಹಾಳುಮಾಡಿಕೊಂಡ ಮೇಲೂ ನಿರ್ಣಾಯಕ ಒದೆತಗಳನ್ನು ತಡೆದು ತಂಡವನ್ನು ಉಳಿಸಿದ್ದು ಅವರೇ. ಆದರೆ 2001ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಸೇರಿದ ಅವರಿಗೆ ಅಲ್ಲಿ ಹೆಚ್ಚು ಪಂದ್ಯ ಸಿಗಲಿಲ್ಲ. ಅವರ ಓರಗೆಯ ಸೇಗೊ ನರಾಜಾಕಿ ತಾಯ್ನಾಡಿನಲ್ಲೇ ಉಳಿದು, 2010ರಲ್ಲಿ ಜಪಾನ್ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದ ಮೊದಲ ಗೋಲ್‌ಕೀಪರ್ ಆದರು. ಯುರೋಪಿನಲ್ಲಿ ನಿಜವಾಗಿ ನೆಲೆ ನಿಂತವರು ಎಯ್‌ಜಿ ಕವಾಶಿಮಾ: ಬೆಲ್ಜಿಯಂ, ಸ್ಕಾಟ್ಲೆಂಡ್, ಫ್ರಾನ್ಸ್‌ಗಳಲ್ಲಿ ಆಡಿದರು, ಹೋದಲ್ಲೆಲ್ಲ ಅಲ್ಲಿನ ಭಾಷೆ ಕಲಿತರು.

ಸುಜುಕಿ 1.90 ಮೀಟರ್ ಎತ್ತರದ, ತೋಳುಬಲವೂ ಇರುವ ಆಟಗಾರ. ಚೆಂಡನ್ನು ಕೈಯಿಂದ ಎಸೆದು ಮಧ್ಯಗೆರೆಯ ಹತ್ತಿರದ ಸಹ ಆಟಗಾರನಿಗೆ ಮುಟ್ಟಿಸಬಲ್ಲರು. ಎದುರಾಳಿಗಳು ಕಾರ್ನರ್‌ಗೆಂದು, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶಕ್ಕೆಂದು, ಮುಂದೆ ಬಂದಿದ್ದಾಗ ಅಂಥ ಒಂದು ಎಸೆತ ಸಿಕ್ಕರೆ, ಅವರು ಹಿಂತಿರುಗುವ ಮೊದಲೇ ದಾಳಿ ಶುರುವಾಗಿರುತ್ತದೆ.

ಕತಾರ್‌ನಲ್ಲಿ ಎಂಟು ಗೋಲು

2024ರ ಜನವರಿಯಲ್ಲಿ ಕತಾರ್‌ನಲ್ಲಿ ಏಷ್ಯಾ ಕಪ್ ನಡೆಯಿತು. ಜಪಾನ್ ಆಡಿದ ಐದೂ ಪಂದ್ಯಗಳಲ್ಲಿ ಸುಜುಕಿಯೇ ಕೀಪರ್. ವಿಯೆಟ್ನಾಂ ವಿರುದ್ಧ 4-2 ಗೆಲುವು, ಇರಾಕ್ ವಿರುದ್ಧ 1-2 ಸೋಲು, ಇಂಡೋನೇಷ್ಯಾ ಮತ್ತು ಬಹ್ರೇನ್ ವಿರುದ್ಧ 3-1 ಗೆಲುವು, ಕ್ವಾರ್ಟರ್‌ಫೈನಲ್‌ನಲ್ಲಿ ಇರಾನ್ ವಿರುದ್ಧ 1-2 ಸೋಲು. ಒಟ್ಟು ಎಂಟು ಗೋಲು ಬಿಟ್ಟುಕೊಟ್ಟರು, ಒಂದು ಪಂದ್ಯದಲ್ಲೂ ಗೋಲು ಶೂನ್ಯ ಉಳಿಯಲಿಲ್ಲ. ಪ್ರಶಸ್ತಿ ಗೆಲ್ಲುವ ಮುಂಚೂಣಿ ತಂಡವೆಂದು ಹೋಗಿದ್ದ ಜಪಾನಿನಲ್ಲಿ ಎಲ್ಲ ಬೆರಳುಗಳೂ ಒಬ್ಬರ ಕಡೆಗೇ ತೋರಿದವು.

ಎಂಟರಲ್ಲಿ ಅವರ ಪಾಲೆಷ್ಟು? ಇರಾನ್‌ನ ಗೆಲುವಿನ ಗೋಲು ಕೊನೆ ಗಳಿಗೆಯ ಪೆನಾಲ್ಟಿ. 11 ಮೀಟರ್ ದೂರದಿಂದ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ಗೋಲುಗೆರೆ ಮುಟ್ಟಲು ಹಿಡಿಯುವ ಸಮಯ ಸುಮಾರು 0.4 ಸೆಕೆಂಡ್. ಕಣ್ಣು ಕಂಡಿದ್ದಕ್ಕೆ ಮೈ ಸ್ಪಂದಿಸಲಿಕ್ಕೇ ಅದರಲ್ಲಿ ಅರ್ಧ ಹೋಗುತ್ತದೆ. ಮೂಲೆಗೆ ಬಂದ ಪೆನಾಲ್ಟಿ ಬಿಟ್ಟುಕೊಟ್ಟ ಕೀಪರನ್ನು ತಿಳಿದವರು ಯಾರೂ ದೂರುವುದಿಲ್ಲ.

ಇರಾಕ್ ವಿರುದ್ಧದ ಮೊದಲ ಗೋಲನ್ನು ಮಾತ್ರ ಬಿಡಿಸಿ ನೋಡಬೇಕು. ಐದನೇ ನಿಮಿಷ. ಪಕ್ಕದಿಂದ ಗೋಲಿನ ಮುಂದಕ್ಕೆ ಕ್ರಾಸ್ ಬಂತು. ಸುಜುಕಿ ಹಾರಿ ಚೆಂಡನ್ನು ಕೈಯಿಂದ ತಳ್ಳಿದರು. ಅದು ದೂರ ಹೋಗಲಿಲ್ಲ, ಪಕ್ಕಕ್ಕೂ ಹೋಗಲಿಲ್ಲ. ನೇರವಾಗಿ ಗೋಲಿನ ಎದುರಿಗೇ ಬಿತ್ತು. ಅಲ್ಲಿ ಕಾದಿದ್ದ ಅಯ್ಮನ್ ಹುಸೇನ್ ತಲೆಯಿಂದ ಒಳಗೆ ಹಾಕಿದರು.

ಕ್ರಾಸ್ ಬಂದಾಗ ಕೀಪರ್ ಮುಂದೆ ಇರುವ ದಾರಿಗಳು ಮೂರು. ಗೆರೆಯ ಮೇಲೆಯೇ ನಿಂತು ಎದುರಾಳಿಯ ಹೆಡರ್‌ಗೆ ಕಾಯುವುದು. ಮುಂದೆ ಬಂದು ಎರಡೂ ಕೈಯಲ್ಲಿ ಹಿಡಿಯುವುದು. ಅಥವಾ ಮುಷ್ಟಿಯಿಂದ ಗುದ್ದುವುದು. ಹಿಡಿದರೆ ಅಪಾಯ ಅಲ್ಲಿಗೇ ಮುಗಿಯಿತು, ಆದರೆ ಮೈಮೇಲೆ ಮೂವರು ಬಿದ್ದಿರುವಾಗ ಹಿಡಿತ ತಪ್ಪಿದರೆ ಚೆಂಡು ಕಾಲಬುಡದಲ್ಲೇ ಬೀಳುತ್ತದೆ. ಅದಕ್ಕೇ ಗುಂಪಿದ್ದಾಗ ಗುದ್ದು ಎಂದು ಕಲಿಸುತ್ತಾರೆ. ಗುದ್ದಿದ ಚೆಂಡು ಎತ್ತರಕ್ಕೆ ಹೋಗಬೇಕು, ದೂರ ಹೋಗಬೇಕು, ಗೋಲಿನ ನೇರದಿಂದ ಪಕ್ಕಕ್ಕೆ ಹೋಗಬೇಕು. ಎತ್ತರಕ್ಕೆ ಹೋದರೆ ಡಿಫೆಂಡರುಗಳು ಮತ್ತೆ ಸಾಲುಗೂಡಲು ಸಮಯ ಸಿಗುತ್ತದೆ. ಪಕ್ಕಕ್ಕೆ ಹೋದರೆ ಮುಂದಿನ ಹೊಡೆತದ ಕೋನ ಕಿರಿದಾಗುತ್ತದೆ. ಮೂರರಲ್ಲಿ ಒಂದೂ ಆಗದಿದ್ದರೆ ಎದುರಾಳಿಗೆ ತಾವೇ ಪಾಸ್ ಕೊಟ್ಟಂತೆ.

ವಿಯೆಟ್ನಾಂ ವಿರುದ್ಧದ ಎರಡನೇ ಗೋಲಿನದೂ ಇದೇ ಜಾತಿ: ಫ್ರೀಕಿಕ್‌ನಿಂದ ಬಂದ ಹೆಡರನ್ನು ಸುಜುಕಿ ತಡೆದರು, ಆದರೆ ತಡೆದ ಚೆಂಡು ಹತ್ತಿರದಲ್ಲೇ ಉಳಿದು ಮತ್ತೊಬ್ಬರ ಕಾಲಿಗೆ ಸಿಕ್ಕಿತು. ಬಹ್ರೇನ್ ವಿರುದ್ಧ ಕಾರ್ನರ್ ನಂತರ ತಮ್ಮದೇ ತಂಡದ ಅಯಾಸೆ ಉಯೆದಾ ಜೊತೆ ಗೋಲುಗೆರೆಯ ಮೇಲೆ ಗೊಂದಲವಾಗಿ ಚೆಂಡು ಒಳಗೆ ಹೋಯಿತು. ಅಲ್ಲಿ ಸೋತಿದ್ದು ಕೈಯಲ್ಲ, ಕೂಗು. "ನನ್ನದು" ಎಂಬ ಮಾತು ಮೊದಲು ಯಾರ ಬಾಯಿಂದ ಬರಬೇಕು ಎಂಬುದು ಅಭ್ಯಾಸದಲ್ಲೇ ಕೂತಿರಬೇಕು.

ಈ ತಪ್ಪುಗಳಲ್ಲಿ ಯಾವುದೂ ಪ್ರತಿಭೆ ಇಲ್ಲದ್ದರಿಂದ ಆದವಲ್ಲ. ಚೆಂಡಿಗೆ ಹೊರಬರುವ, ಕೈ ಹಾಕುವ ಧೈರ್ಯ ಇದ್ದಿದ್ದಕ್ಕೇ ಆದವು. ಗೆರೆಗೆ ಅಂಟಿಕೊಂಡು ನಿಲ್ಲುವ ಕೀಪರ್ ಇಂಥ ತಪ್ಪು ಮಾಡುವುದೇ ಇಲ್ಲ. ಅದರ ಬದಲು ಹತ್ತಿರದ ಹೆಡರುಗಳಿಗೆ ಸದ್ದಿಲ್ಲದೆ ಗೋಲು ಬಿಟ್ಟುಕೊಡುತ್ತಾರೆ, ಅದನ್ನು ಯಾರೂ ಅವರ ತಪ್ಪೆಂದು ಬರೆದುಕೊಳ್ಳುವುದಿಲ್ಲ.

ಬೈಗುಳ ಆಟದ ಬಗ್ಗೆ ಇರಲಿಲ್ಲ

ಇರಾಕ್ ವಿರುದ್ಧ ಸೋತ ಮೇಲೆ ಸುಜುಕಿಯ ಸಾಮಾಜಿಕ ಜಾಲತಾಣ ಖಾತೆಗಳಿಗೆ ಅವರ ಮೈಬಣ್ಣ, ಹುಟ್ಟಿನ ಮೂಲ ಹಿಡಿದು ಹೀಯಾಳಿಸುವ ಸಂದೇಶಗಳು ಬಂದವು. ಅದನ್ನವರು ಮುಚ್ಚಿಡಲಿಲ್ಲ. ಪತ್ರಕರ್ತರ ಮುಂದೆಯೇ ಹೇಳಿ, ಇದು ನಿಲ್ಲಬೇಕು ಎಂದರು. ತರಬೇತುದಾರ ಹಾಜಿಮೆ ಮೊರಿಯಾಸು ಅವರ ಬೆನ್ನಿಗೆ ನಿಂತರು. ಬಾಯಿಮಾತಿಗಿಂತ ದೊಡ್ಡ ಬೆಂಬಲವೆಂದರೆ ಮುಂದಿನ ಪಂದ್ಯಗಳಲ್ಲೂ ಅವರನ್ನೇ ಇಳಿಸಿದ್ದು.

ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದು ಮಾತು. ಜಪಾನಿನಲ್ಲಿ ವಿದೇಶಿ ಮೂಲದವರ ಪ್ರಮಾಣ ಕಡಿಮೆ. ತಂದೆ ಅಥವಾ ತಾಯಿ ಬೇರೆ ದೇಶದವರಾಗಿದ್ದು, ಜಪಾನಿಗಾಗಿ ಆಡಿ ಹೆಸರು ಮಾಡಿದವರು ಈಗೀಗ ಹೆಚ್ಚುತ್ತಿದ್ದಾರೆ: ಟೆನಿಸ್‌ನಲ್ಲಿ ನವೊಮಿ ಒಸಾಕಾ, ಬ್ಯಾಸ್ಕೆಟ್‌ಬಾಲ್‌ನಲ್ಲಿ ರುಯಿ ಹಾಚಿಮುರಾ. ಗೆದ್ದಾಗ ಇಡೀ ದೇಶ ನಮ್ಮವರು ಎನ್ನುತ್ತದೆ, ಸೋತಾಗ ಕೆಲವರಿಗೆ ಮೂಲ ನೆನಪಾಗುತ್ತದೆ. ಗೋಲ್‌ಕೀಪರ್ ಆಗಿದ್ದರೆ ಸೋಲಿನ ಮುಖವೇ ಅವರಾಗಿರುವುದರಿಂದ ಪೆಟ್ಟು ಇನ್ನೂ ನೇರ. ಸುಜುಕಿಯ ಜನಪ್ರಿಯತೆಯಲ್ಲಿ ಈ ಅಧ್ಯಾಯಕ್ಕೂ ಪಾಲಿದೆ. ಫುಟ್‌ಬಾಲ್ ನೋಡದವರಿಗೂ ಅವರ ಹೆಸರು ತಲುಪಿದ್ದು ಆಗಲೇ.

ಪಾರ್ಮಾ ಮತ್ತು ನಾಪೋಲಿಯ ಆ ಸಂಜೆ

ಕತಾರ್ ಮುಗಿದು ಆರು ತಿಂಗಳಿಗೆ, 2024ರ ಜುಲೈನಲ್ಲಿ, ಇಟಲಿಯ ಪಾರ್ಮಾ ಕ್ಲಬ್ ಸುಜುಕಿಯನ್ನು ಕೊಂಡಿತು. ಎರಡನೇ ದರ್ಜೆಯ ಲೀಗ್ ಗೆದ್ದು ಆಗಷ್ಟೇ ಮೇಲೆ ಬಂದಿದ್ದ ತಂಡ. ಕೀಪರುಗಳ ವಿಷಯದಲ್ಲಿ ಪಾರ್ಮಾ ಸಾಮಾನ್ಯ ಕ್ಲಬ್ ಅಲ್ಲ. ಬ್ರೆಜಿಲ್‌ನ ಟಫಾರೆಲ್ 1990ರಲ್ಲಿ ಇಲ್ಲಿಗೆ ಬಂದವರು, ಜಾನ್‌ಲುಯಿಜಿ ಬುಫಾನ್ 1995ರಲ್ಲಿ 17ನೇ ವಯಸ್ಸಿಗೆ ಇಲ್ಲೇ ಮೊದಲ ಪಂದ್ಯ ಆಡಿದವರು. ಇಟಲಿಯ ಮೊದಲ ದರ್ಜೆಯ ಲೀಗ್ ಸೀರಿ ಆದಲ್ಲಿ ಜಪಾನಿನ ಕೀಪರ್ ಒಬ್ಬರು ಆಡಿದ್ದು ಸುಜುಕಿಯಿಂದಲೇ ಆರಂಭ. ಮೊದಲ ಪಂದ್ಯದಲ್ಲಿ ಫಿಯೊರೆಂಟಿನಾ ಜೊತೆ 1-1, ಎರಡನೆಯದರಲ್ಲಿ ಮಿಲಾನ್ ವಿರುದ್ಧ 2-1 ಗೆಲುವು.

ಮೂರನೇ ಪಂದ್ಯ ನಾಪೋಲಿಯ ಅಂಗಳದಲ್ಲಿ. ಪಾರ್ಮಾ 1-0 ಮುಂದಿತ್ತು. 75ನೇ ನಿಮಿಷದ ಹೊತ್ತಿಗೆ ಎದುರಾಳಿಯತ್ತ ನುಗ್ಗಿ ಬಂದು ಡಿಕ್ಕಿ ಹೊಡೆದ ಸುಜುಕಿಗೆ ಎರಡನೇ ಹಳದಿ ಕಾರ್ಡ್, ಅಂದರೆ ಕೆಂಪು. ಸಾಮಾನ್ಯವಾಗಿ ಹೀಗಾದರೆ ಮೈದಾನದಲ್ಲಿರುವ ಒಬ್ಬ ಆಟಗಾರನನ್ನು ತೆಗೆದು ಮೀಸಲು ಕೀಪರನ್ನು ಇಳಿಸುತ್ತಾರೆ. ತಂಡ ಹತ್ತು ಮಂದಿಯಲ್ಲಿ ಆಡುತ್ತದೆ. ಆದರೆ ಪಾರ್ಮಾ ತನ್ನ ಐದೂ ಬದಲಿ ಅವಕಾಶಗಳನ್ನು ಅಷ್ಟರಲ್ಲೇ ಖರ್ಚು ಮಾಡಿತ್ತು. ಡಿಫೆಂಡರ್ ಎನ್ರಿಕೊ ದೆಲ್‌ಪ್ರಾಟೊ ಕೈಗವಸು ಹಾಕಿಕೊಂಡು ಗೋಲಿಗೆ ನಿಂತರು. ಹೆಚ್ಚುವರಿ ಸಮಯದಲ್ಲಿ ಲುಕಾಕು ಮತ್ತು ಅಂಗಿಸಾ ಹೊಡೆದ ಗೋಲುಗಳಿಂದ ನಾಪೋಲಿ 2-1ರಿಂದ ಗೆದ್ದಿತು.

ಒಂದು ಕಾರ್ಡ್ ಇಷ್ಟು ದುಬಾರಿ ಆಗುವುದು ಕೀಪರ್ ವಿಷಯದಲ್ಲಿ ಮಾತ್ರ. ಹಾಗಿದ್ದೂ ಕೀಪರುಗಳು ಮುಂದಕ್ಕೆ ನುಗ್ಗುವುದೇಕೆ? ಉತ್ತರ ಇರುವುದು ಕೋನದಲ್ಲಿ. ಗೋಲಿನಿಂದ 16 ಮೀಟರ್ ದೂರದಲ್ಲಿ, ನೇರ ಎದುರಿಗೆ, ಹೊಡೆಯುವವನು ಇದ್ದಾನೆ ಎಂದುಕೊಳ್ಳಿ. ಕೀಪರ್ ಗೆರೆಯ ಮೇಲಿದ್ದರೆ ಕಾಯಬೇಕಾದ ಅಗಲ ಪೂರ್ತಿ 7.32 ಮೀಟರ್. ನಾಲ್ಕು ಮೀಟರ್ ಮುಂದೆ ಬಂದರೆ ಅದು 5.5 ಮೀಟರಿಗೆ ಇಳಿಯುತ್ತದೆ. ಎರಡೂ ಕಡೆ ಸುಮಾರು 90 ಸೆಂಟಿಮೀಟರ್ ಉಳಿತಾಯ. ಇದಕ್ಕೆ ತೆರುವ ಬೆಲೆ ಸಮಯ. ಗಂಟೆಗೆ 100 ಕಿಲೋಮೀಟರ್ ವೇಗದ ಹೊಡೆತಕ್ಕೆ ಗೆರೆಯ ಮೇಲೆ 0.58 ಸೆಕೆಂಡ್ ಸಿಗುತ್ತಿತ್ತು, ಈಗ 0.43. ತಲೆಯ ಮೇಲಿಂದ ಚೆಂಡು ಎತ್ತಿ ಹಾಕುವ ದಾರಿಯೂ ತೆರೆಯುತ್ತದೆ.

ಹಾಗಾಗಿ ಎಷ್ಟು ದೂರ ಬರಬೇಕು ಎನ್ನುವುದಕ್ಕಿಂತ ಯಾವಾಗ ನಿಲ್ಲಬೇಕು ಎನ್ನುವುದೇ ಕಸುಬು. ಎದುರಾಳಿ ಒದೆಯಲು ಕಾಲು ಹಿಂದೆತ್ತಿದ ಗಳಿಗೆಯಲ್ಲಿ ಕೀಪರ್‌ನ ಎರಡೂ ಪಾದ ನೆಲದ ಮೇಲಿರಬೇಕು, ಮಂಡಿ ಸ್ವಲ್ಪ ಬಾಗಿರಬೇಕು, ಭಾರ ಪಾದದ ಮುಂಭಾಗದಲ್ಲಿರಬೇಕು. ಓಡುತ್ತಿರುವಾಗಲೇ ಚೆಂಡು ಬಂದರೆ ಒಂದು ಪಾದ ಗಾಳಿಯಲ್ಲಿರುತ್ತದೆ, ಆ ಕಡೆಗೆ ಹಾರಲು ನೆಲದ ಆಸರೆ ಇರುವುದಿಲ್ಲ. ಸುಜುಕಿ ಎಡವಿದ ದಿನಗಳಲ್ಲಿ ಹೆಚ್ಚಾಗಿ ಕಾಣುವುದು ಇಂಥ ಒಂದೆರಡು ಹೆಜ್ಜೆಯ ಅವಸರ.

ಆ ಪಂದ್ಯದಿಂದ ಅವರ ಜಾಗಕ್ಕೇನೂ ಕುತ್ತು ಬರಲಿಲ್ಲ. ಆ ಋತುವಿಡೀ ಅವರೇ ಮೊದಲ ಆಯ್ಕೆ. ಪಾರ್ಮಾ 16ನೇ ಸ್ಥಾನದಲ್ಲಿ ಮುಗಿಸಿ ಕೆಳದರ್ಜೆಗೆ ಇಳಿಯುವುದರಿಂದ ಪಾರಾಯಿತು. 2025ರ ಮೇ ತಿಂಗಳಲ್ಲಿ ಪ್ರಶಸ್ತಿಗಾಗಿ ಹೋರಾಡುತ್ತಿದ್ದ ಅದೇ ನಾಪೋಲಿ ಪಾರ್ಮಾಕ್ಕೆ ಬಂದಾಗ ಪಂದ್ಯ 0-0 ಆಯಿತು.

ಅಂಕಿಗಳನ್ನು ಓದುವ ಬಗೆ

"ಎಷ್ಟು ಗೋಲು ಬಿಟ್ಟ" ಎಂಬ ಒಂದೇ ಅಂಕಿಯಿಂದ ಕೀಪರನ್ನು ಅಳೆದರೆ ದುರ್ಬಲ ತಂಡದ ಕೀಪರುಗಳೆಲ್ಲ ಕೆಟ್ಟವರಾಗುತ್ತಾರೆ. ಬಂದ ಹೊಡೆತಗಳಲ್ಲಿ ಶೇಕಡಾ ಎಷ್ಟು ತಡೆದರು ಎಂಬುದು ಸ್ವಲ್ಪ ವಾಸಿ, ಆದರೆ ಅದರಲ್ಲಿ 30 ಮೀಟರ್ ದೂರದಿಂದ ಕೈಗೇ ಬಂದ ಚೆಂಡಿಗೂ ಆರು ಮೀಟರ್‌ನಿಂದ ಮೂಲೆಗೆ ಬಂದ ಚೆಂಡಿಗೂ ಒಂದೇ ಬೆಲೆ.

ಈಗ ವಿಶ್ಲೇಷಕರು ಬಳಸುವುದು ಇನ್ನೊಂದು ಅಳತೆ. ಗೋಲಿನತ್ತ ಬಂದ ಪ್ರತಿ ಹೊಡೆತಕ್ಕೂ, ಎಲ್ಲಿಂದ ಹೊಡೆದರು, ಗೋಲಿನ ಯಾವ ಭಾಗಕ್ಕೆ ಬಂತು ಎಂಬುದನ್ನು ನೋಡಿ, ಅದು ಗೋಲಾಗುವ ಸಂಭವ ಎಷ್ಟು ಎಂದು ಸೊನ್ನೆಯಿಂದ ಒಂದರೊಳಗಿನ ಅಂಕಿ ಕೊಡುತ್ತಾರೆ. ಉದಾಹರಣೆಗೆ ಒಂದು ಪಂದ್ಯದಲ್ಲಿ 0.7, 0.5, 0.2 ಮತ್ತು 0.1 ಬೆಲೆಯ ನಾಲ್ಕು ಹೊಡೆತ ಬಂದವು ಎನ್ನಿ. ಒಟ್ಟು 1.5. ಕೀಪರ್ ಒಂದು ಗೋಲು ಮಾತ್ರ ಬಿಟ್ಟರೆ ಅರ್ಧ ಗೋಲು ಉಳಿಸಿದ ಲೆಕ್ಕ. ಎರಡು ಬಿಟ್ಟರೆ ಅರ್ಧ ಗೋಲು ಕಳೆದ ಲೆಕ್ಕ. ಒಂದೆರಡು ಪಂದ್ಯದ ಅಂಕಿಗೆ ಅರ್ಥವಿಲ್ಲ, ಇಡೀ ಋತುವಿನದ್ದನ್ನು ಕೂಡಿಸಬೇಕು. ಆದರೂ ಒಂದು ಕೊರತೆ ಉಳಿಯುತ್ತದೆ: ಹೊಡೆತವೇ ಆಗದಂತೆ ಮುಂದೆ ಬಂದು ಹಿಡಿದ ಕ್ರಾಸ್‌ಗೆ ಇದರಲ್ಲಿ ಅಂಕ ಇಲ್ಲ.

ವಿಶ್ವಕಪ್ ಅರ್ಹತಾ ಪಂದ್ಯಗಳ ಮೂರನೇ ಸುತ್ತನ್ನೂ ಇದೇ ಕಣ್ಣಲ್ಲಿ ನೋಡಬೇಕು. ಹತ್ತು ಪಂದ್ಯಗಳಲ್ಲಿ ಜಪಾನ್ ಹೊಡೆದಿದ್ದು 30 ಗೋಲು, ಬಿಟ್ಟುಕೊಟ್ಟಿದ್ದು ಮೂರು. ಅದರಲ್ಲೂ ಆಸ್ಟ್ರೇಲಿಯಾ ಜೊತೆಗಿನ 1-1ರಲ್ಲಿ ಬಿದ್ದಿದ್ದು ತಮ್ಮವರದೇ ಸ್ವಂತ ಗೋಲು. ನೋಡಲು ಬೆರಗಿನ ಅಂಕಿ. ಆದರೆ ಆ ಪಂದ್ಯಗಳಲ್ಲಿ ಜಪಾನ್ ಕೀಪರ್‌ಗೆ ಮೈ ಬೆಚ್ಚಗಾಗುವಷ್ಟು ಕೆಲಸ ಇದ್ದದ್ದೇ ಅಪರೂಪ. ಸುಜುಕಿಯನ್ನು ತಿದ್ದಿದ್ದು ಪ್ರತಿ ವಾರ ಹೊಡೆತಗಳ ಸುರಿಮಳೆ ಎದುರಿಸಬೇಕಾದ ಪಾರ್ಮಾ. ಗೆಲ್ಲುವ ದೊಡ್ಡ ಕ್ಲಬ್ಬಿಗಿಂತ ತಿಣುಕಾಡುವ ಸಣ್ಣ ಕ್ಲಬ್ಬೇ ಎಳೆಯ ಕೀಪರ್‌ಗೆ ಒಳ್ಳೆಯ ಪಾಠಶಾಲೆ.

ಕೈಯೇ ಬಂಡವಾಳ

2025ರ ನವೆಂಬರ್‌ನಲ್ಲಿ ಮಿಲಾನ್ ಜೊತೆ 2-2 ಆದ ಪಂದ್ಯದಲ್ಲಿ ಸುಜುಕಿಯ ಎಡಗೈ ಬೆರಳು ಮತ್ತು ಮಣಿಕಟ್ಟಿನ ಒಂದು ಮೂಳೆ ಮುರಿದವು. ಶಸ್ತ್ರಚಿಕಿತ್ಸೆ ಆಗಿ ತಿಂಗಳುಗಟ್ಟಲೆ ಹೊರಗುಳಿಯಬೇಕಾಯಿತು. ಅವರ ಜಾಗದಲ್ಲಿ ಯುವ ಕೀಪರ್ ಎಡೊಆರ್ಡೊ ಕೊರ್ವಿಗೆ ಅವಕಾಶ ಸಿಕ್ಕಿತು.

ಮಣಿಕಟ್ಟಿನ ಈ ಮೂಳೆಯ ಹೆಸರು ಸ್ಕೇಫಾಯ್ಡ್. ಹೆಬ್ಬೆರಳನ್ನು ಅಗಲಿಸಿ ಎತ್ತಿದರೆ ಬುಡದಲ್ಲಿ ಒಂದು ಗುಳಿ ಬೀಳುತ್ತದಲ್ಲ, ಅದರ ಕೆಳಗಿರುತ್ತದೆ. ಗೋಡಂಬಿಯಷ್ಟೇ ದೊಡ್ಡದು. ಇದಕ್ಕೆ ರಕ್ತ ಬರುವುದು ಬೆರಳಿನ ಕಡೆಯ ತುದಿಯಿಂದ. ಮಧ್ಯದಲ್ಲಿ ಮುರಿದರೆ ತೋಳಿನ ಕಡೆಯ ತುಂಡಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಕೂಡುವುದು ನಿಧಾನ, ಕೆಲವೊಮ್ಮೆ ಕೂಡುವುದೇ ಇಲ್ಲ. ಮೂಳೆ ಜರುಗಿದ್ದರೆ ಸಣ್ಣ ಸ್ಕ್ರೂ ಹಾಕಿ ಹಿಡಿಸುತ್ತಾರೆ. ಬೇರೆ ಆಟಗಾರನಾದರೆ ಪಟ್ಟಿ ಕಟ್ಟಿಕೊಂಡು ಆಡಿಬಿಡಬಹುದು. ಅಂಗೈ ಹಿಂದಕ್ಕೆ ಬಾಗಿಸಿ ಚೆಂಡಿನ ಪೂರ್ತಿ ಹೊಡೆತ ತಡೆಯಬೇಕಾದ ಕೀಪರ್‌ಗೆ ಅದು ಸಾಧ್ಯವಿಲ್ಲ.

ಕೈಗವಸು ಇದ್ದರೂ ಹೀಗೇಕೆ ಎಂದು ಕೇಳುವವರಿದ್ದಾರೆ. ಕೈಗವಸು ಮುಖ್ಯವಾಗಿ ಇರುವುದು ಹಿಡಿತಕ್ಕೆ, ರಕ್ಷಣೆಗಲ್ಲ. ಅಂಗೈ ಭಾಗದಲ್ಲಿ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಮೆತ್ತನೆಯ ಲೇಟೆಕ್ಸ್ ಇರುತ್ತದೆ. ಅದು ತುಸು ಒದ್ದೆಯಾಗಿದ್ದರೆ ಚೆನ್ನಾಗಿ ಅಂಟುತ್ತದೆ, ಒಣಗಿ ಧೂಳು ಕೂತರೆ ಜಾರುತ್ತದೆ. ಕೀಪರುಗಳು ಪಂದ್ಯದ ನಡುನಡುವೆ ಗವಸಿಗೆ ನೀರು ಹಾಕಿಕೊಳ್ಳುವುದು ಅದಕ್ಕೇ. ಬೆರಳು ಹಿಂದಕ್ಕೆ ಬಾಗದಂತೆ ಒಳಗೆ ಕಡ್ಡಿ ಇರುವ ಗವಸುಗಳೂ ಸಿಗುತ್ತವೆ. ಚೆಂಡಿನ ಸ್ಪರ್ಶ ಕಡಿಮೆಯಾಗುತ್ತದೆಂದು ಎಷ್ಟೋ ಕೀಪರುಗಳು ಅವನ್ನು ಬೇಡವೆನ್ನುತ್ತಾರೆ.

ವಿಶ್ವಕಪ್‌ನಲ್ಲಿ ಏನು ಗಮನಿಸಬೇಕು

2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ. ಜಪಾನ್ ಇರುವುದು ನೆದರ್‌ಲೆಂಡ್ಸ್, ಟುನೀಷಿಯಾ ಇರುವ ಗುಂಪಿನಲ್ಲಿ. ಮೊದಲ ಪಂದ್ಯ ನೆದರ್‌ಲೆಂಡ್ಸ್ ಜೊತೆಗೇ. ಫೈನಲ್ ನಡೆಯುವುದು ನ್ಯೂಜೆರ್ಸಿಯಲ್ಲಿ, ಅಂದರೆ ಸುಜುಕಿ ಹುಟ್ಟಿದ ರಾಜ್ಯದಲ್ಲೇ.

ಜಪಾನ್ ಗೋಲಿನ ಮುಂದೆ ಅವರು ನಿಂತಾಗ ಹಾರಿ ಚೆಂಡು ತಡೆಯುವುದನ್ನು ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದು ಎದುರಾಳಿಯ ಕಾರ್ನರುಗಳು. ಗೋಲಿನ ಮುಂದಿನ ಐದೂವರೆ ಮೀಟರ್ ಆಳದ ಸಣ್ಣ ಪೆಟ್ಟಿಗೆಯೊಳಗೆ ಚೆಂಡು ಬಿದ್ದಾಗ ಹೊರಬರುತ್ತಾರೋ ಇಲ್ಲವೋ, ಬಂದರೆ ಗುದ್ದಿದ ಚೆಂಡು ಪಕ್ಕಕ್ಕೆ ಹೋಗುತ್ತದೋ ಎದುರಿಗೇ ಬೀಳುತ್ತದೋ ನೋಡಿ. ಕತಾರ್‌ನ ಸುಜುಕಿಗೂ ಈಗಿನವರಿಗೂ ಇರುವ ಅಂತರ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು, ಗಡಿಯಾರ. 2025-26ರಿಂದ ನಿಯಮ ಬದಲಾಗಿದೆ. ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ ಬೆರಳಲ್ಲಿ ಎಣಿಸುತ್ತಾರೆ. ಮೊದಲು ಆರು ಸೆಕೆಂಡಿನ ಮಿತಿ ಇತ್ತು, ಶಿಕ್ಷೆಯೂ ಬೇರೆ, ಪಾಲಿಸಿದವರು ಮಾತ್ರ ಕಡಿಮೆ. ಮುಂದಿರುವ ತಂಡದ ಕೀಪರ್ ಚೆಂಡನ್ನು ತಬ್ಬಿಕೊಂಡು ನೆಲಕ್ಕೆ ಒರಗಿ ಸಮಯ ಕಳೆಯುವ ಹಳೆಯ ಆಟ ಈಗ ನಡೆಯುವುದಿಲ್ಲ. ಹಿಡಿದ ಕೂಡಲೇ ತಲೆಯೆತ್ತಿ, ಓಡುತ್ತಿರುವವರನ್ನು ಹುಡುಕಿ, ಮೂರು ನಾಲ್ಕು ಸೆಕೆಂಡಿನಲ್ಲಿ ಉದ್ದಕ್ಕೆ ಎಸೆಯಬಲ್ಲ ಕೀಪರ್‌ಗೆ ಈ ನಿಯಮ ಹೊರೆಯೇ ಅಲ್ಲ.